ಮುರಿದವು ಲೆಕ್ಕಕ್ಕಿಲ್ಲ

ಎರಡನೆಯ ಸ್ಕ್ಯಾನಿನಲ್ಲೂ ಪರಿಮಳಾಳ ಯಕೃತ್ತಿನ ಕೊಬ್ಬು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು.

ಅವಳ ತಮ್ಮ ಕಾರ್ತಿಕನ ಯಕೃತ್ತು ಪಿತ್ತನಾಳದ ಕಾಯಿಲೆಯಿಂದ ಸೋಲುತ್ತ ಬಂದಿತ್ತು. ಮನೆಯವರಲ್ಲಿ ರಕ್ತದ ಗುಂಪು ಹೊಂದಿದ್ದು ಅಕ್ಕನದೊಂದೇ. ತನ್ನ ಯಕೃತ್ತಿನ ಒಂದು ಭಾಗ ಕೊಡಲು ಅವಳು ಸಿದ್ಧಳಿದ್ದಳು. ಆದರೆ ಕೊಬ್ಬು ತುಂಬಿದ್ದನ್ನು ಕತ್ತರಿಸಿದರೆ ಕೊಟ್ಟವರಿಗೂ ಪಡೆದವರಿಗೂ ಅಪಾಯ.

“ಕೊಬ್ಬು ಇಳಿಸಿಕೊಂಡು ಎರಡು ತಿಂಗಳು ಬಿಟ್ಟು ಬನ್ನಿ. ಅದಕ್ಕಿಂತ ಹೆಚ್ಚು ಕಾಯಲಿಕ್ಕೆ ನಿಮ್ಮ ತಮ್ಮನಿಗೆ ಆಗಲಿಕ್ಕಿಲ್ಲ,” ಎಂದರು ಹುಬ್ಬಳ್ಳಿಯ ವೈದ್ಯರು.

ವಾಪಸ್ ಬರುವಾಗ ಬಸ್ಸು ಕಿರವತ್ತಿಯಲ್ಲಿ ನಿಂತಿತು. ಮಗಳು ಅಭಿಜ್ಞಾ ಚಹಾ ತರಲು ಎದ್ದಳು. ಅವಳು ಸಿದ್ದಾಪುರದ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಾಳೆ.

“ಎಂಗೆ ಸಕ್ಕರೆ ಬ್ಯಾಡ ಹೇಳು,” ಎಂದಳು ಪರಿಮಳಾ.

“ಆಯಿ, ಖರೆ ಹೇಳು. ಕದ್ದು ತಿಂತಾ ಇದ್ಯಾ?”

“ತಮ್ಮನ ಜೀವದ ಮೇಲೆ ಆಟ ಆಡ್ತ್ನಾ ಆನು? ಮೊದಲ ಸ್ಕ್ಯಾನ್ ಆದಾಗಿಂದ ಒಂದು ತೊಡೆದೇವು ಬಾಯಿಗೆ ಹಾಕಿದ್ನಿಲ್ಲೆ!”

ಶಿರಸಿಯ ಮನೆಯಲ್ಲಿ ತೊಡೆದೇವು ಎಂಬ ಸಿಹಿತಿಂಡಿ ಮಾಡಿ ಮಾರುವುದೇ ಅವಳ ಕೆಲಸ. ಮರುದಿನ ಬೆಳಿಗ್ಗೆ ಅಭಿಜ್ಞಾ ಒಲೆಯ ಪಕ್ಕ ಕುಳಿತು ನೋಡಿದಳು. ಕವುಚಿಟ್ಟ ಮಡಕೆಯ ಬೆನ್ನ ಮೇಲೆ, ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟನ್ನು ಬಟ್ಟೆಯಿಂದ ಸವರಿದರೆ ಕಾಗದದಂಥ ಪದರ ಏಳುತ್ತದೆ. ಅದರ ಮೇಲೆ ತುಪ್ಪ, ಸಕ್ಕರೆ ಪುಡಿ ಹಾಕಿ ಬಿಸಿಯಿರುವಾಗಲೇ ಮಡಿಸಬೇಕು. ಒಂದು ಮಡಿಸುವಾಗ ಚಟ್ಟೆಂದು ಮುರಿಯಿತು. ಪರಿಮಳಾಳ ಕಣ್ಣು ಮಡಕೆಯ ಮೇಲೆಯೇ ಇತ್ತು. ಕೈ ತಾನಾಗಿ ಚೂರನ್ನು ಬಾಯಿಗೆ ಕೊಟ್ಟಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮುರಿಯಿತು. ಅದೂ ಅಲ್ಲಿಗೇ ಹೋಯಿತು.

“ಆಯಿ, ಬಾಯಲ್ಲಿ ಎಂತ?”

“ಎಂತದೂ ಇಲ್ಲೆ.”

“ಬಾಯಿ ತೆಗೆ ನೋಡನ.”

“ಇದಾ? ಇದು ಮುರಿದದ್ದು, ಕೂಸೇ! ಮಾರಲೆ ಬತ್ತಿಲ್ಲೆ, ಒಗೆಯಲೆ ಬತ್ತಿಲ್ಲೆ. ಇದು ತಿಂದ ಲೆಕ್ಕ ಹ್ಯಾಂಗಾತು?”

ಅಭಿಜ್ಞಾಗೆ ನಗು ಬಂತು. ಇಷ್ಟು ದಿನ ತಿಂದ ಚೂರುಗಳ ಲೆಕ್ಕ ಹೊಳೆದು ಆಯಿಯ ಮುಖ ಬಿಳಿಚಿಕೊಳ್ಳುತ್ತಿದ್ದುದನ್ನು ಕಂಡು ನಗು ನಿಲ್ಲಿಸಿದಳು. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತಂದು, ಹಸಿ ಬಟಾಟೆಯ ಬಿಲ್ಲೆಯ ಮೇಲೆ ಸುರಿದಳು. ಬಿಳಿ ನೊರೆ ಎದ್ದಿತು.

“ಈ ನೊರೆ ಎಬ್ಬಿಸಿದ್ದು ಕ್ಯಾಟಲೇಸ್ ಹೇಳುವ ಕಿಣ್ವ. ಸುಡುವ ಪೆರಾಕ್ಸೈಡನ್ನು ನೀರು, ಗಾಳಿ ಮಾಡಿ ಬಿಡ್ತು. ನಿನ್ನ ಲಿವರಿನಲ್ಲೂ ಇದ್ದು. ಸಕ್ಕರೆ ಹೆಚ್ಚಾದ್ರೆ ಲಿವರ್ ಅದನ್ನ ಕೊಬ್ಬು ಮಾಡಿಡ್ತು. ಆ ಕೊಬ್ಬು ಉರಿವಾಗ ಇಂಥ ಸುಡುವ ವಸ್ತು ಹುಟ್ತು. ಕಿಣ್ವ ಅದನ್ನ ಆರಿಸ್ತು.”

ಅವಳು ಮತ್ತೆ ಮತ್ತೆ ಸುರಿದಳು. ನೊರೆ ಮಂದವಾಗುತ್ತ ಬಂತು.

“ಸೋತ್ಹೋತಲೇ!” ಎಂದಳು ಪರಿಮಳಾ. “ಅದನ್ನೇ ಗುಳಿಗೆ ಮಾಡಿ ಕೊಡ್ತ್ವಿಲ್ಯಾ?”

“ನುಂಗಿದ್ರೆ ಹೊಟ್ಟೆಯಲ್ಲೇ ಕರಗಿ ಹೋಗ್ತು. ಸಕ್ಕರೆಯ ಹೊರೆ ಇಳಿಸಿ ದಿನಾ ನಡೆದ್ರೆ ಲಿವರ್ ತಾನೇ ಸುಧಾರಿಸ್ತು.”

ಅಂದಿನಿಂದ ಚೂರುಗಳೆಲ್ಲ ಒಂದು ಡಬ್ಬಿಗೆ ಬಿದ್ದವು. ವಾರ ಕಳೆಯುವಷ್ಟರಲ್ಲಿ ಡಬ್ಬಿಯ ಮುಚ್ಚಳ ಕೂರಲಿಲ್ಲ. ಪರಿಮಳಾ ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಓಣಿಯ ಮನೆಗಳಿಗೆಲ್ಲ ಹಂಚಿಬಂದಳು. ಆದರೂ ಬಾಯಿಯತ್ತ ಏಳುವ ಕೈಗೆ ಬುದ್ಧಿ ಬರಲಿಲ್ಲ. ಕೊನೆಗೆ ಹಳೆಯ ಮಾಸ್ಕೊಂದನ್ನು ಹುಡುಕಿ ಕಟ್ಟಿಕೊಂಡೇ ಒಲೆಯ ಮುಂದೆ ಕೂರತೊಡಗಿದಳು.

“ಎಂತ ಪರಿಮಳಕ್ಕ, ಕೊರೋನಾ ತಿರುಗಿ ಬಂತಾ?” ಎಂದು ಪಕ್ಕದ ಮನೆಯ ಜ್ಯೋತಿ ಕಿಟಕಿಯಿಂದ ಕೂಗಿದಳು.

“ಬಂದಿದ್ದು, ಎನ್ನ ಕೈಗೆ!”

ಸಂಜೆ ತಾಯಿ ಮಗಳು ಬಿರಬಿರನೆ ನಡೆದರು. ಒಂದೊಂದು ದಿನ ಪರಿಮಳಾಗೆ ರೇಗುತ್ತಿತ್ತು. ಒಂದು ದಿನ ಅರ್ಧ ದಾರಿಯಲ್ಲೇ ಕೂತುಬಿಟ್ಟಳು. ನಡೆದರೂ ಆಗದಿದ್ದರೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಎರಡು ತಿಂಗಳ ಮೇಲೆ ಮೂರನೆಯ ಸ್ಕ್ಯಾನ್ ನೋಡಿ ವೈದ್ಯರು ಪರದೆಯನ್ನು ಅವರತ್ತ ತಿರುಗಿಸಿದರು. ಕೊಬ್ಬು ಮಿತಿಯೊಳಗೆ ಇಳಿದಿತ್ತು. ರಕ್ತಪರೀಕ್ಷೆಯೂ ಸರಿಯಾಗಿತ್ತು. “ಕೊಡಬಹುದು,” ಎಂದರು.

ಪರಿಮಳಾ ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದಳು.

“ಆತು, ಕಾರ್ತಿಕ. ಸೋಮವಾರ ಅಡ್ಮಿಟ್ ಆಗವಡ. ಬ್ಯಾಗು ತುಂಬು.”



“ಅಕ್ಕಾ, ನಿಂಗೆ ಹೆದರಿಕೆ ಆಗ್ತಿಲ್ಯಾ?”

“ಆಗ್ತು. ಅದಕ್ಕೇ ಬೇಗ ಮುಗಿಸನ.”

“ಬ್ಯಾಗಿಗೆ ಎಂತೆಂತ ಹಾಕವು?”

ಕಾಯಿಲೆ ಬಿದ್ದ ಮೇಲೆ ಅವನು ಮುಂದಿನ ದಿನಗಳ ಬಗ್ಗೆ ಕೇಳಿದ್ದು ಅದೇ ಮೊದಲು. ಪರಿಮಳಾ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು.

“ಲುಂಗಿ, ಟವೆಲ್ಲು. ಮನೆಗೆ ತಿರುಗಿ ಬಪ್ಪಲೆ ಒಂದು ಒಳ್ಳೆ ಶರ್ಟು. ಗುಂಡಿ ಇದ್ದದ್ದೇ ತಗ. ತಲೆ ಮೇಲಿಂದ ಹಾಕುವಂಥದ್ದು ಬ್ಯಾಡ, ಹೊಟ್ಟೆ ಹೊಲಿಗೆ ಎಳೀತು.”