ಬಿಟ್ಟುಹೋದ ಎರಡು ಸಾಲು

ಭಾರತಿ ಓದುತ್ತಿದ್ದದ್ದು ಯೌವನಸ್ಥರ ಸೇವೆಯ ಎಂ.ಎ. ಹೌದು, ಅಂಥದ್ದೂ ಒಂದು ಓದು ಇದೆ. ಅವಳ ಊರಾದ ಶಿರೋಳದಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಲಾಗದೆ ಅವಳ ಅವ್ವ "ದೊಡ್ಡ ಮಾಸ್ತರಕಿ ಕಲಿಯಾಕತ್ತಾಳ" ಎಂದು ಮಾತು ಮುಗಿಸಿಬಿಡುತ್ತಿದ್ದಳು. ಹುಬ್ಬಳ್ಳಿಯಾಚೆಯ ಒಂದು ಸೆಮಿನರಿಯಲ್ಲಿ ಎರಡು ವರ್ಷದ ಓದು. ಅದರಲ್ಲಿ ಮೂರು ತಿಂಗಳು ಯಾವುದಾದರೊಂದು ಊರಿನ ಚರ್ಚಿನಲ್ಲಿದ್ದು, ಹರೆಯದ ಹುಡುಗ ಹುಡುಗಿಯರ ಜೊತೆ ಕೂತು, ಅವರ ಕಷ್ಟಸುಖ ಕೇಳುವುದನ್ನು ಕಲಿಯಬೇಕು. ಭಾರತಿಯ ಪಾಲಿಗೆ ಗಜೇಂದ್ರಗಡ ಬಂತು. ನೇಕಾರರ ಓಣಿಯ ಹಿಂದೆ ತಗಡು ಹೊದಿಸಿದ ಸಣ್ಣ ಚರ್ಚು. ಆದಿತ್ಯವಾರ ಸಂಜೆಯ ಯೌವನಸ್ಥರ ಕೂಟಕ್ಕೆ ಬರುವವರು ಹದಿನಾಲ್ಕು ಮಂದಿ, ಮಳೆ ಬಂದರೆ ಐದು.

ಬರೀ ಕೇಳಿದರೆ ಆಯಿತೇ? ಎಲ್ಲಿಯ ಮಾತು, ಕೇಳಿದ್ದನ್ನು ಬರೆಯಬೇಕು. ಅದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ಮನಸ್ಸು ಬಿಚ್ಚಿದವರು ಆಡಿದ ಒಂದೊಂದು ಮಾತನ್ನೂ ಅವರ ಬಾಯಿಂದ ಬಿದ್ದ ಹಾಗೆಯೇ ಹಾಳೆಯ ಎಡಕ್ಕೆ ಬರೆಯಬೇಕು, ತಾನು ಆಡಿದ್ದನ್ನು ಬಲಕ್ಕೆ. ಮುಂದೆ ಕೂತಾಗ ಫೋನಿನಲ್ಲಿ ಹಿಡಿದುಕೊಳ್ಳುವಂತಿಲ್ಲ, ಪೆನ್ನು ತೆಗೆಯುವಂತಿಲ್ಲ. ಎಲ್ಲ ತಲೆಯಲ್ಲಿಟ್ಟುಕೊಂಡು, ಅವರು ಎದ್ದು ಹೋದ ಮೇಲೆ ಅದೇ ದಿನ ಕಾಗದಕ್ಕೆ ಇಳಿಸಬೇಕು. ಹೆಸರು ಬದಲಿಸಬಹುದು, ಮಾತು ಮಾತ್ರ ಬದಲಿಸಬಾರದು.

ಭಾರತಿ ಮೊದಲನೆಯದನ್ನು ಬರೆದು ಕಳಿಸಿದಾಗ, ಸೆಮಿನರಿಯಲ್ಲಿ ಅದನ್ನು ನೋಡುವ ಗುರು ಅನಿಲಕುಮಾರ ಸರ್ ಕೆಂಪು ಶಾಯಿಯಲ್ಲಿ ಮೈತುಂಬ ಗೀಚಿ ವಾಪಸು ಕಳಿಸಿದ್ದರು. "ಕೇಳುವಲ್ಲಿ ಕಲಿಸಲು ಹೋಗಿದ್ದೀ. ಆ ಹುಡುಗಿಯ ಮಾತನ್ನು ನಾಲ್ಕು ಸಲ ತಿದ್ದಿದ್ದೀ. ಮಾತಾಡುವವರನ್ನು ತಿದ್ದಬೇಡ." ಕೆಳಗೆ ದೊಡ್ಡದೊಂದು ಸಿ. ಅವಳಿಗೆ ಅವಮಾನವಾಯಿತು, ಸಿಟ್ಟೂ ಬಂತು. ಸೆಮಿನರಿಗೆ ಸೇರುವ ಮೊದಲು ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ತಿದ್ದುವ ಚಟ ಅಷ್ಟು ಸಲೀಸಾಗಿ ಬಿಟ್ಟೀತೆ? ಇನ್ನು ಉಳಿದದ್ದು ಒಂದೇ ವರ್ಬೇಟಿಮ್. ಅದೂ ಕೈಕೊಟ್ಟರೆ ಮುಂದಿನ ವರ್ಷ ಮತ್ತೆ ಮೂರು ತಿಂಗಳು.

ಅಂಥ ಹೊತ್ತಿನಲ್ಲಿ, ಒಂದು ಬುಧವಾರ ಸಂಜೆ ಐದಕ್ಕೆ, ಮುತ್ತಣ್ಣ ಬಂದ. ಪುರ್ತಗೇರಿಯವನು, ಇಪ್ಪತ್ತೆರಡು ವರ್ಷ. ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಮೂರು ತಿಂಗಳ ಹಿಂದೆ ತಿರುಗಿ ಬಂದಿದ್ದ. ಮನೆಯಲ್ಲಿ ಚರ್ಚಿಗೆ ಬರುವವನು ಅವನೊಬ್ಬನೇ; ತಾಯಿ ಗಾಳೆವ್ವ ಕೂಲಿ ಮಾಡುವವಳು, ಇಟಗಿ ಭೀಮವ್ವನ ಭಕ್ತೆ. ಕೂಟದಲ್ಲಿ ಹಿಂದಿನ ಚಾಪೆಯ ಅಂಚಿಗೆ ಕೂತು, ಎಲ್ಲರೂ ಹಾಡುವಾಗ ಬರೀ ತುಟಿ ಅಲ್ಲಾಡಿಸುತ್ತಿದ್ದ. ಆ ದಿನ ಮೆಟ್ಟಿಲ ಮೇಲೆ ಕೂತವನೇ ಪೀಠಿಕೆಯಿಲ್ಲದೆ ಹೇಳಿದ.

"ಅಕ್ಕಾರ, ಸಂಗನಬಸವ ಬಿದ್ದನಲ್ರಿ, ಹಗ್ಗ ನಾನ ಹಿಡದಿದ್ದೆ."

ಸಂಗನಬಸವ ಇಟಗಿಯವನು, ಮುತ್ತಣ್ಣನ ಜೀವದ ಗೆಳೆಯ. ಮಂಗಳೂರಿನಲ್ಲಿ ಆರನೆಯ ಅಂತಸ್ತಿನಿಂದ ಬಿದ್ದು ಸತ್ತಿದ್ದ. ಹಗ್ಗ ಹರಿಯಿತಂತೆ ಎಂದು ಎಲ್ಲರೂ ನಂಬಿದ್ದರು.

"ಹಗ್ಗ ಹರೀಲಿಲ್ರಿ. ಫೋನ್ ಬಂತು. ಒಂದ ಕೈಲೆ ತಗದೆ. ಅಷ್ಟ ಆಗಿದ್ದು."

ಅವನು ನೆಲ ನೋಡುತ್ತಲೇ ಮಾತಾಡಿದ.

"ಅವರವ್ವ, ನಾ ಹ್ವಾದಾಗೊಮ್ಮೆ ಉಣ್ಣಾಕ ಹಾಕತಾಳ್ರಿ. ‘ನನ್ನ ಮಗನ ಕಡೀಗಾಲಕ್ಕ ನೀನರ ಬಾಜೂಕ ಇದ್ದೆಪಾ’ ಅಂತಾಳ. ಆ ರೊಟ್ಟಿ ಹ್ಯಾಂಗ ನುಂಗಲ್ರಿ ನಾನು?"

ಅವಳಿಗೆ ಅವನ ಮೇಲೆ ಮರುಕ ಹುಟ್ಟಿತು. ಅದು ಖರೆ, ಅದರಲ್ಲಿ ಮೋಸವಿಲ್ಲ. ಆದರೆ ಅದೇ ಗಳಿಗೆಯಲ್ಲಿ ತಲೆಯೊಳಗೆ ಇನ್ನೊಬ್ಬಳು ಕೂತು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಹೇಳಿಕೊಳ್ಳುತ್ತಿದ್ದಳು: ಕಡೀಗಾಲಕ್ಕ, ಬಾಜೂಕ, ಹ್ಯಾಂಗ ನುಂಗಲ್ರಿ. ಮರೆಯಬಾರದು, ಹೀಗೇ ಬರೆಯಬೇಕು. ಥೂ, ಎಂಥ ಹೊತ್ತಿನಲ್ಲಿ ಎಂಥ ಚಿಂತೆ! ಎದುರಿಗಿದ್ದ ಹುಡುಗ ಜೀವ ಹಿಂಡಿ ಮಾತಾಡುತ್ತಿದ್ದರೆ ಇವಳು ಮಾತು ಹೆಕ್ಕಿಕೊಳ್ಳುತ್ತಿದ್ದಳು.

"ಸತ್ತವರ ಕಡೆ ಮಾಫಿ ಕೇಳೂದು ಹ್ಯಾಂಗ್ರಿ ಅಕ್ಕಾರ? ಅವರಿದ್ದಲ್ಲೇ ಹೋಗಿ ಕೇಳಬೇಕೇನು?"

"ದೇವರ ಹಂತ್ಯಾಕ ಕೇಳು ಮುತ್ತಣ್ಣ. ಅವರಿಗೆ ಮುಟ್ಟತೈತಿ" ಎಂದಳು ಭಾರತಿ. ಉತ್ತರ ಅವಳಿಗೇ ಹಿಡಿಸಿತು. ಬಲಗಡೆಯ ಸಾಲಿನಲ್ಲಿ ಚೆನ್ನಾಗಿ ಕೂಡುತ್ತದೆ ಅನ್ನಿಸಿತು.

ಅವನು ಎದ್ದ. ಚಪ್ಪಲಿ ಮೆಟ್ಟಿದ. "ಹೊಕ್ಕೀನ್ರಿ ಅಕ್ಕಾರ" ಎಂದ.

ಈ ಕಡೆ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. ಪಕ್ಕದ ಮನೆಯಿಂದ ಏಳುವಾಗಲೂ ಬರ್ತೀನಿ ಎನ್ನಬೇಕು. ಹೊಕ್ಕೀನಿ, ಹೋಗುತ್ತೇನೆ, ಎಂದರೆ ಹೋದವನು ಹೋದ ಹಾಗೆಯೇ, ಅಪಶಕುನ. ಬಾಯಿತಪ್ಪಿ ಅಂದದ್ದಕ್ಕೆ ಭಾರತಿ ಸಣ್ಣವಳಿದ್ದಾಗ ಅವ್ವನಿಂದ ತಲೆಗೆ ಮೊಟಕಿಸಿಕೊಂಡಿದ್ದಳು. ಆ ಅಭ್ಯಾಸವೇ ಈಗ ಬಾಯಿಗೆ ಬಂತು.

"ಏ, ಹೊಕ್ಕೀನಿ ಅನಬಾರದೋ ಹುಚ್ಚಾ. ಬರ್ತೀನಿ ಅನ್ನು."

ಮುತ್ತಣ್ಣ ಅವಳನ್ನೇ ನೋಡಿದ. ತುಸು ನಕ್ಕ. ಶಾಲೆಯ ಹುಡುಗ ಒಪ್ಪಿಸಿದ ಹಾಗೆ ಒಪ್ಪಿಸಿದ: "ಆತ್ರಿ. ಬರ್ತೀನ್ರಿ ಅಕ್ಕಾರ."

ಅವನು ಓಣಿ ದಾಟುವುದರೊಳಗೆ ಭಾರತಿ ಬರೆಯಲು ಕೂತಿದ್ದಳು. ಒಂದು ಮಾತೂ ತಪ್ಪಲಿಲ್ಲ. ಕೊನೆಗೆ ಬಂದಾಗ ಪೆನ್ನು ನಿಂತಿತು. ಅವನು ಅಂದ ಹೊಕ್ಕೀನ್ರಿ, ತಾನು ತಿದ್ದಿದ ಮಾತು, ಈ ಎರಡು ಸಾಲು ಬರೆದರೆ ಅನಿಲಕುಮಾರ ಸರ್ ಮತ್ತೆ ಕೆಂಪು ಶಾಯಿ ಎತ್ತುತ್ತಾರೆ: ತಿದ್ದಬೇಡ ಎಂದಿದ್ದೆನಲ್ಲ! ಇಷ್ಟು ಚಲೋ ಬಂದದ್ದನ್ನು ಎರಡು ಸಾಲಿಗೋಸ್ಕರ ಕೆಡಿಸಿಕೊಳ್ಳುವುದೇಕೆ? ಬಿಟ್ಟಳು. "ಬರ್ತೀನ್ರಿ ಅಕ್ಕಾರ" ಎಂದು ಮುಗಿಸಿದಳು. ಸುಳ್ಳೇನಲ್ಲ, ಅವನೇ ಅಂದದ್ದಲ್ಲವೇ? ಗುರುವಾರ ಬೆಳಿಗ್ಗೆ ಫೋನಿನಲ್ಲಿ ಫೋಟೊ ತೆಗೆದು ಕಳಿಸಿಯೂಬಿಟ್ಟಳು.

ಅದೇ ಮಧ್ಯಾಹ್ನ ಗಾಳೆವ್ವ ಓಡುತ್ತ ಬಂದಳು. ಹಿಂದೆ ಅವಳ ಅಣ್ಣ ದುರಗಪ್ಪ, ಓಣಿಯ ನಾಲ್ಕು ಮಂದಿ, ಒಬ್ಬ ಪೊಲೀಸಿನವನು. ಮುತ್ತಣ್ಣ ಬುಧವಾರ ಮನೆಗೇ ಬಂದಿರಲಿಲ್ಲ. ಫೋನು ಮನೆಯ ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲಿತ್ತು. ಗೆಳೆಯರ ಮನೆ, ಹೊಲ, ಬಸ್‌ಸ್ಟ್ಯಾಂಡ್ ಎಲ್ಲ ನೋಡಿಯಾಗಿತ್ತು.

"ಕಡೀಗೆ ನಿಮ್ಮ ಕೂಡ ಮಾತಾಡ್ಯಾನಂತ" ಎಂದ ಪೊಲೀಸಿನವನು. "ಮನಸಿಗೆ ಏನರ ಹಚ್ಚಿಕೊಂಡಿದ್ದನೇನ್ರಿ? ನನಗೇನೋ ಮೊದಲ ಗುಡ್ಡ ನೋಡೂದು ಚಲೋ ಅನಸತೈತಿ."

ಗುಡ್ಡವೆಂದರೆ ಊರಿಗೂ ಪುರ್ತಗೇರಿಗೂ ನಡುವಿನದು, ಗಾಳಿಯಂತ್ರಗಳ ಸಾಲು, ಅದರಾಚೆ ಕಲ್ಲು ಒಡೆದು ಬಿಟ್ಟ ಹಳೆಯ ಗಣಿ. ಅವನು ಹೇಳಿದ ಗುಟ್ಟು ಹೇಳುವಂತಿಲ್ಲ, ಅದು ಈ ಓದಿನ ಮೊದಲ ಪಾಠ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಬೇಕು ಎನ್ನುವುದೂ ಅದೇ ಪಾಠದಲ್ಲಿತ್ತು. ಅಪಾಯವಿತ್ತೇ? ಬರೆದಿಟ್ಟದ್ದನ್ನು ನೋಡಿದರೆ ಇರಲಿಲ್ಲ.

"ಮನಸಿಗೆ ಬ್ಯಾಸರ ಇತ್ರಿ" ಎಂದಳು.

"ಹೋಗೂ ಮುಂದ ಏನಂದ?"

ಗಾಳೆವ್ವ ಅವಳ ಬಾಯನ್ನೇ ನೋಡುತ್ತಿದ್ದಳು. ಭಾರತಿ ಹಾಳೆ ತೆಗೆದಳು, ಕಡೆಯ ಸಾಲನ್ನು ಓದಿದಳು: "ಬರ್ತೀನ್ರಿ ಅಕ್ಕಾರ."

"ಬರ್ತೀನಿ ಅಂದ್ನಾ?" ಗಾಳೆವ್ವನ ಮುಖ ಅರಳಿತು. ಭಾರತಿಯ ಎರಡೂ ಕೈ ಹಿಡಿದುಕೊಂಡಳು. "ಬರ್ತೀನಿ ಅಂದಾನ ಅಂದ್ರ ಬರ್ತಾನ್ರಿ ನನ್ನ ಮಗಾ. ದುಡಿಯಾಕ ಹೋಗಿರ್ಬೇಕು. ಯಣ್ಣಾ ದುರಗಪ್ಪ, ಮಂಗಳೂರಿಗೆ ನಡಿ."

ಆಗ ಹೇಳಬೇಕಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ಆ ತಾಯಿಯ ಮುಖದ ಮೇಲಿನ ಬೆಳಕು ಆರಿಸಲು ಧೈರ್ಯ ಬರಲಿಲ್ಲ. ಬರೆದದ್ದು ಅರ್ಧ ಎಂದು ಅಷ್ಟು ಮಂದಿಯ ಎದುರು ಒಪ್ಪಿಕೊಳ್ಳಲು ನಾಚಿಕೆಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚಿತ್ತೋ ಅವಳಿಗೇ ಗೊತ್ತಿಲ್ಲ. ಪೊಲೀಸಿನವನು ಗುಡ್ಡದ ಮಾತು ಬಿಟ್ಟ. ದುರಗಪ್ಪ ಇಬ್ಬರನ್ನು ಕಟ್ಟಿಕೊಂಡು ಮಂಗಳೂರಿನ ಬಸ್ಸು ಹತ್ತಿದ. ಮಗ ಬಂದರೆ ಬರಿಗಾಲಲ್ಲಿ ಇಟಗಿಗೆ ಬರುತ್ತೇನೆಂದು ಗಾಳೆವ್ವ ಹರಕೆ ಹೊತ್ತಳು.

ಶುಕ್ರವಾರ ಸಂಜೆ ಅನಿಲಕುಮಾರ ಸರ್ ಫೋನು ಮಾಡಿದರು.

"ಭಾರತಿ, ಭಾಳ ಚಲೋ ಬರೆದೀಯಮ್ಮ. ಇದರಾಗ ಮನುಷ್ಯಾ ಅದಾನ. ಖರೇ ಹೇಳ್ಲೇನು, ಸತ್ತವರಿದ್ದಲ್ಲೇ ಹೋಗಿ ಕೇಳಬೇಕೇನು ಅಂತಾನಲ್ಲ, ಅಲ್ಲಿ ನನಗ ಅಂಜಿಕಿ ಬಂತು. ಫೋನ್ ಮಾಡಬೇಕು, ಈ ಹುಡುಗನ್ನ ಒಬ್ಬನ್ನ ಬಿಡಬ್ಯಾಡಾ ಅನ್ನಬೇಕು ಅಂತ ಎದ್ದೇಬಿಟ್ಟಿದ್ದೆ. ಆಮ್ಯಾಲೆ ಕಡೀ ಸಾಲು ನೋಡಿದೆ. ಬರ್ತೀನ್ರಿ ಅಂದಾನ. ಸಮಾಧಾನ ಆತು. ಎ ಕೊಟ್ಟೀನಿ."

"ಹೂಂ ಸರ್" ಎಂದಳು ಭಾರತಿ. ಫೋನು ಕೆಳಗಿಟ್ಟು ಆ ಹಾಳೆಯನ್ನು ಮತ್ತೆ ತೆಗೆದಳು. ಇಬ್ಬರನ್ನು, ಒಬ್ಬ ತಾಯಿಯನ್ನು, ಇಡೀ ವಿದ್ಯೆ ಬಲ್ಲ ಒಬ್ಬ ಗುರುವನ್ನು, ಒಂದೇ ಮಾತು ಸುಮ್ಮನೆ ಕೂರಿಸಿತ್ತು. ಆ ಮಾತು ಮುತ್ತಣ್ಣನದಾಗಿರಲೇ ಇಲ್ಲ. ಅವನ ಬಾಯಲ್ಲಿ ತುರುಕಿದವಳು ಅವಳು.

ಶನಿವಾರ ಬೆಳಕು ಹರಿಯುತ್ತಲೇ ಟಂಟಂ ಹತ್ತಿ ಪುರ್ತಗೇರಿಗೆ ಹೋದಳು. ಗಾಳೆವ್ವ ಅಂಗಳ ಕಸ ಹೊಡೆಯುತ್ತಿದ್ದಳು. ಇವಳನ್ನು ಕಂಡು "ಬರ್ರಿ ಅಕ್ಕಾರ, ಮಂಗಳೂರಿಂದ ಸುದ್ದಿ ಬಂತೇನ್ರಿ?" ಎಂದು ಪೊರಕೆ ಬಿಟ್ಟು ಬಂದಳು.

"ಯವ್ವಾ, ಅವ ಮೊದಲ ಹೊಕ್ಕೀನಿ ಅಂದಿದ್ದ. ಹಂಗ ಅನಬಾರದು, ಬರ್ತೀನಿ ಅನ್ನು ಅಂತ ನಾನ ಅನಸೀನಿ. ಬರೆಯೂ ಮುಂದ ಅದನ್ನ ಬಿಟ್ಟೆ. ಮೊನ್ನೆ ಓದೂ ಮುಂದನೂ ಹೇಳಲಿಲ್ಲ."

ಗಾಳೆವ್ವನಿಗೆ ಒಂದೇ ಸಲಕ್ಕೆ ತಿಳಿಯಿತು. ಆ ಎರಡು ಮಾತುಗಳ ಅಂತರವನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡದ ಕಡೆ ಮುಖ ಮಾಡಿ ನಡೆದೇಬಿಟ್ಟಳು. ಭಾರತಿ ಓಣಿಯವರನ್ನು ಕೂಗಿ ಕರೆದು ಹಿಂದೆ ಓಡಿದಳು.

ಗಾಳಿಯಂತ್ರಗಳ ಕೆಳಗೆ ಕುರಿ ಮೇಯಿಸುತ್ತಿದ್ದ ಗೋಣೆಪ್ಪ ಸಿಕ್ಕ. ಹುಡುಗನ ಗುರುತು ಹೇಳುತ್ತಲೇ ತಲೆಯಾಡಿಸಿದ.

"ಇದ್ದನಲ್ರಿ, ಇಲ್ಲೇ, ಈ ಕಂಬದ ನೆರಳಿಗೆ. ಗುರುವಾರೆಲ್ಲಾ ಕುಂತಿದ್ದ. ನಿನ್ನೆ ಮಧ್ಯಾಹ್ನದ ತನಕಾನೂ ಇದ್ದ. ನಾನ ರೊಟ್ಟಿ ಕೊಟ್ಟೆ, ಕೈಯಾಗ ಹಿಡಕೊಂಡ ಕುಂತಾ, ತಿನ್ನಲಿಲ್ಲ. ಯಾರರ ಬರೂವರು ಅದಾರೇನಪಾ ಅಂತ ಕೇಳಿದೆ. ಊರ ಕಡೇ ದಾರಿನ ನೋಡಾಕತ್ತಿದ್ದ ನೋಡ್ರಿ, ಅದಕ್ಕ ಕೇಳಿದೆ."

ನಿನ್ನೆ ಮಧ್ಯಾಹ್ನದ ತನಕ. ಭಾರತಿ ಅಲ್ಲೇ ಕೂತುಬಿಟ್ಟಳು. ಗುರುವಾರ ಮಧ್ಯಾಹ್ನ ಗುಡ್ಡ ನೋಡೋಣ ಎಂದಿದ್ದ ಪೊಲೀಸಿನವನ ಮಾತು ಕಿವಿಯಲ್ಲಿ ಹಾಗೆಯೇ ಇತ್ತು.

ಓಣಿಯವರು ಗಣಿಯ ನೀರಿನಿಂದ ಮುತ್ತಣ್ಣನನ್ನು ಎತ್ತಿದಾಗ ಹೊತ್ತು ನೆತ್ತಿಗೆ ಬಂದಿತ್ತು. ದುರಗಪ್ಪ ಮಂಗಳೂರಿನಿಂದ ಆದಿತ್ಯವಾರ ಮುಂಜಾನೆ ತಿರುಗಿ ಬಂದ. ಮಣ್ಣು ಪುರ್ತಗೇರಿಯಲ್ಲೇ ಆಯಿತು. ಕೂಟದ ಹದಿಮೂರು ಮಂದಿಯೂ ಬಂದಿದ್ದರು. ಇಟಗಿಯಿಂದ ಸಂಗನಬಸವನ ತಾಯಿಯೂ ಬಂದಿದ್ದಳು. "ನನ್ನ ಮಗನ ಹಿಂದ ಹ್ವಾದೇನೋ ಯಪ್ಪಾ" ಎಂದು ಎದೆ ಬಡಿದುಕೊಂಡಳು. ಅವನು ಯಾಕೆ ಹೋದ ಎಂದು ಅಲ್ಲಿ ನೆರೆದವರಲ್ಲಿ ಬಲ್ಲವಳು ಭಾರತಿ ಒಬ್ಬಳೇ. ಈ ಗುಟ್ಟನ್ನಾದರೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದುಕೊಂಡಳು, ಅದೂ ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಆ ಹಾಳೆಯಲ್ಲಿ ಬಿಟ್ಟಿದ್ದ ಎರಡು ಸಾಲನ್ನು ಸೇರಿಸಿ, ಮುಂದೆ ಏನಾಯಿತೆಂಬುದನ್ನೂ ಕೆಳಗೆ ಬರೆದು ಸರ್‌ಗೆ ಕಳಿಸಿದಳು. ಅವರು ಎರಡು ಸಲ ಫೋನು ಮಾಡಿದರು. ಅವಳು ಎತ್ತಲಿಲ್ಲ. ಊರಿಗೆ ಹೊರಡಲು ಚೀಲ ತುಂಬಿಕೊಂಡು, ರೋಣದ ಬಸ್ಸಿಗೆ ಮುಂಚೆ ಪುರ್ತಗೇರಿಗೆ ಹೋದಳು. ಹೋಗದೆ ಇರಬಹುದಿತ್ತು. ಹಾಗೆ ತಪ್ಪಿಸಿಕೊಳ್ಳುವುದು ಅವಳಿಂದ ಆಗಲಿಲ್ಲ.

ಗಾಳೆವ್ವ ಗೋಡೆಗೆ ಒರಗಿ ಕೂತಿದ್ದಳು. ಮೇಲೆ ಗೂಟದಲ್ಲಿ ಮುತ್ತಣ್ಣನ ಅಂಗಿ ಇನ್ನೂ ನೇತಾಡುತ್ತಿತ್ತು. ಭಾರತಿ ಎದುರಿಗೆ ಕೂತಳು. ತಪ್ಪಾಯಿತು ಎಂದಳು, ಅಳುತ್ತ ಮತ್ತೆ ಮತ್ತೆ ಎಂದಳು. ಹೊರಗೆ ಟಂಟಂನವನು ಹಾರ್ನು ಒತ್ತಿದ. ಭಾರತಿ ಎದ್ದು ನಿಂತಳು. ಹೊರಡುವಾಗ ಆಡುವ ಮಾತು ಆಡಬೇಕಿತ್ತು. ಯಾವುದನ್ನು ಆಡುವುದು? ಎರಡರಲ್ಲಿ ಒಂದನ್ನೂ ಆಡುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಚೀಲ ಎತ್ತಿಕೊಂಡು ಹೊಸ್ತಿಲ ತನಕ ಬಂದಳು.

ಮನೆಗೆ ಬಂದವರು ಶತ್ರುವಾದರೂ ಹೋಗಿ ಬರ್ರಿ ಎಂದೇ ಕಳಿಸುವ ಊರದು. ಗಾಳೆವ್ವ ತಲೆಯೆತ್ತಿ ಅವಳನ್ನು ನೋಡಿದಳು.

"ಹೋಗ್ರಿ" ಎಂದಳು.