ನಳಿಕೆಯ ಬಾಯಿಗೆ ಮೇಣ

"ಎಮ್ಮೆ ಮೈ ತಿಕ್ಕೋ ಕೈಗೆ ವಿಮಾನ ಕೊಟ್ರೆ ಇನ್ನೇನಾಗುತ್ತೆ ಹೇಳಿ!" ಎಂದು ಷಡಕ್ಷರಪ್ಪನವರು ತಮ್ಮ ರೇಷ್ಮೆ ಶಲ್ಯವನ್ನು ಎತ್ತಿ ಹಿಡಿದು ನೆರೆದವರಿಗೆಲ್ಲ ತೋರಿಸಿದರು. ಶಲ್ಯದ ಮೇಲೆ ಅಂಗೈಯಗಲ ಕರಿ ಎಣ್ಣೆ. "ತಿಕ್ಕಿದ್ದಾನಂತೆ, ತಿಕ್ಕಿದ್ದು! ಲೇ ಸಾಬಿ, ನಿನ್ನ ಗ್ಯಾರೇಜಿನ ಗಲೀಜೆಲ್ಲ ತಂದು ನನ್ನ ವಿಮಾನಕ್ಕೆ ಬಳಿದ್ಯೇನೋ?"

ಆಯುಧಪೂಜೆಯ ಬೆಳಗ್ಗೆ. ಮಾಚೇನಹಳ್ಳಿ ಬಯಲಿನ ತುಂಬ ಜನ. ಭದ್ರಾವತಿಯ ಈ ಟಿಂಬರ್ ಧಣಿ ಬೊಂಬಾಯಿಯಿಂದ ತರಿಸಿದ ಹಳೆಯ ಪುಟ್ಟ ವಿಮಾನವನ್ನು ನೋಡಲು ಕಾರ್ಖಾನೆಯವರು, ಶಿವಮೊಗ್ಗದ ಮಂಡಿ ವ್ಯಾಪಾರಿಗಳು ಎಲ್ಲ ಬಂದಿದ್ದರು. ಧಣಿ ಚಕ್ರದಡಿ ನಿಂಬೆಹಣ್ಣಿಡಲು ಬಗ್ಗಿದ್ದೇ ತಪ್ಪಾಯಿತು. ಶಲ್ಯ ವಿಮಾನದ ಹೊಟ್ಟೆಗೆ ಒರೆಸಿಕೊಂಡಿತು.

"ಎಮ್ಮೆಗಾದ್ರೆ ಬಾಲ ಇರ್ತೈತೆ ಧಣೀ, ಹಿಡ್ಕಂಡು ತಿಕ್ಬೋದು!" ಎಂದನೊಬ್ಬ.

"ಇದಕ್ಕೂ ಐತಲ್ಲ ಮಾರಾಯ, ಬಾಲ!"

ಬಯಲಿಗೆ ಬಯಲೇ ಗೊಳ್ಳೆಂದು ನಕ್ಕಿತು.

ಪೀರ್ ಬಾಷಾ ಬಕೆಟ್ಟು ಹಿಡಿದು ನಿಂತಿದ್ದ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಡಿ ಬಾಬು ಸಾಬರ ಲಾರಿ ಗ್ಯಾರೇಜು ಸೇರಿದ ಹುಡುಗ ಈಗ ಮೀಸೆ ಬಂದ ಗಂಡಸು. ಮೈಯ ರಕ್ತವೆಲ್ಲ ಕಿವಿಗೇರಿತ್ತು. ಎಮ್ಮೆಯಂತೆ! ಆ ಹೊಟ್ಟೆಯಡಿ ಬೆನ್ನ ಮೇಲೆ ಮಲಗಿ, ಕಣ್ಣಿಗೆ ಸೀಮೆಎಣ್ಣೆ ತೊಟ್ಟಿಕ್ಕಿಸಿಕೊಂಡು, ಹೊಗೆಯ ಮಸಿ ಎಣ್ಣೆಯ ಜತೆ ಬೆಂದು ಕಚ್ಚಿಕೊಂಡಿದ್ದನ್ನು ಉಗುರಿನಲ್ಲಿ ಕೆರೆದವನು ಅವನು. ಲಾರಿಗಾದರೆ ಸೋಡಾ ಕುದಿಸಿ ಸುರಿದರೆ ಮುಗಿಯಿತು. ಇದು ಅಲ್ಯೂಮಿನಿಯಂ, ಸೋಡಾ ತಿಂದುಹಾಕುತ್ತದೆ ಎಂದು ಪೈಲಟ್ ತ್ರಿವಿಕ್ರಮ ಹೇಳಿದ್ದಕ್ಕೆ ಅಮ್ಮಿ ಶಮ್ಸುನ್ನೀಸಾ ತಲೆಗೆಂದು ಕುಟ್ಟಿಟ್ಟಿದ್ದ ಸೀಗೆಪುಡಿಯನ್ನೇ ಹೊತ್ತು ತಂದಿದ್ದ. ನಿನ್ನೆ ಸಂಜೆ ಆ ಹೊಟ್ಟೆಯಲ್ಲಿ ಅವನ ಮುಖ ಅವನಿಗೇ ಕಾಣುತ್ತಿತ್ತು.

"ಭೇಷ್ ಕಣಯ್ಯ! ಧಣಿಗಳಿಗೆ ಹೇಳಿ ನಿನ್ನನ್ನ ವಿಮಾನದ ಕೆಲಸಕ್ಕೆ ಖಾಯಂ ಮಾಡಿಸ್ತೀನಿ" ಎಂದಿದ್ದ ತ್ರಿವಿಕ್ರಮ. ಇವತ್ತು ಬೆಳಗ್ಗೆ ಪರೀಕ್ಷೆಗೆಂದು ಎಂಜಿನ್ ಓಡಿಸಿದವನೂ ಅವನೇ. ಓಡಿಸಿದ್ದೇ ತಡ, ಮುದಿ ಎಂಜಿನ್ನು ಹೊಟ್ಟೆಯುದ್ದಕ್ಕೂ ಮತ್ತೆ ಉಗಿಯಿತು. ಒರೆಸಿದಷ್ಟೂ ಜಿನುಗಿತು. "ಇದರ ಜಾಯಮಾನವೇ ಹೀಗೆ, ಬಿಡು" ಎಂದು ನಕ್ಕಿದ್ದ.

ಈಗ ಆ ಮಾತನ್ನು ಹೇಳಬೇಕಾದ ಬಾಯಿ ಮುಚ್ಚಿಕೊಂಡಿತ್ತು. ತ್ರಿವಿಕ್ರಮ ಕೈಗಡಿಯಾರಕ್ಕೆ ಕೀಲಿ ಕೊಡುತ್ತ ನಿಂತಿದ್ದ.

"ಸುಮ್ನಿರು ಬೇಟಾ" ಎಂದು ಬಾಬು ಸಾಬರು ತೋಳು ಹಿಡಿದರು. ಕೊಸರಿಕೊಂಡು ಬಕೆಟ್ಟನ್ನು ಅಲ್ಲೇ ಕುಕ್ಕಿ ಪೀರ್ ಬಾಷಾ ರಸ್ತೆಯ ಕಡೆ ಹೊರಟ. ಬೆನ್ನ ಹಿಂದೆ ಕುಂಬಳಕಾಯಿ ಒಡೆದ ಸದ್ದು, ಚಪ್ಪಾಳೆ. ಧಣಿ ಪೈಲಟ್ಟನ ಪಕ್ಕಕ್ಕೆ ಹತ್ತಿ ಕೂತರು. ಎಂಜಿನ್ ಗುರ್ರೆಂದಿತು.

ಪೀರ್ ಬಾಷಾ ಬೀಡಿಗೆಂದು ಜೇಬಿಗೆ ಕೈ ಹಾಕಿದ. ಬೆರಳಿಗೆ ಮೆತ್ತಗಿನ ಉಂಡೆ ಸಿಕ್ಕಿತು.

ಮೇಣ.

ಲಾರಿಯ ಎಂಜಿನ್ ತೊಳೆಯುವ ಮೊದಲು ಕಾರ್ಬ್ಯುರೇಟರಿನ ಬಾಯಿ ಮುಚ್ಚಬೇಕು ಎಂಬುದು ಬಾಬು ಸಾಬರ ಗ್ಯಾರೇಜಿನ ಮೊದಲ ಪಾಠ. ರೆಕ್ಕೆಯಡಿ ಬೆರಳುದ್ದದ ನಳಿಕೆಯೊಂದಿತ್ತು. "ಇದಕ್ಕೆ ನೀರು ಹೋಗಬಾರದು. ಇದರೊಳಗೆ ಗಾಳಿ ನುಗ್ಗಿದರೇನೇ ವೇಗ ಎಷ್ಟಿದೆ ಅಂತ ನನಗೆ ಗೊತ್ತಾಗೋದು. ಇಲ್ಲದಿದ್ರೆ ಕಲ್ಲು ಬಿದ್ದಂಗೆ ಬೀಳೋದೇ" ಎಂದಿದ್ದ ತ್ರಿವಿಕ್ರಮ. ನಿನ್ನೆ ತೊಳೆಯುವಾಗ ಪೀರ್ ಬಾಷಾ ಅದರ ಬಾಯಿಗೆ ಇದೇ ಜೇನುಮೇಣದ ಚೂರೊಂದನ್ನು ಒತ್ತಿದ್ದ. ತೆಗೆದಿರಲಿಲ್ಲ. ಬೆಳಗ್ಗೆ ಪುರೋಹಿತ ಗಣಪಯ್ಯನವರು ಕಂಡ ಕಂಡ ತುದಿಗೆಲ್ಲ ಗಂಧ-ಕುಂಕುಮ ಮೆತ್ತುತ್ತ ಹೋಗಿದ್ದರು. ಆ ನಳಿಕೆಯ ತುದಿಗೂ. ಮೇಣ ಯಾರ ಕಣ್ಣಿಗೆ ಬೀಳಬೇಕು?

ಹೋಗಲಿ, ಎನ್ನಿಸಿತು. ಹಾಳಾಗಿ ಹೋಗಲಿ. ಒಬ್ಬ ಉಗಿದವನು, ಇನ್ನೊಬ್ಬ ಉಗಿಸಿಕೊಳ್ಳಲಿ ಎಂದು ಬಿಟ್ಟವನು. ಈಗ ಹೋಗಿ ಹೇಳಿದರೆ ಮತ್ತೆ ಅದೇ ಮಾತು: ಎಮ್ಮೆ ತಿಕ್ಕುವ ಕೈ. ಈ ಸಲ ನಿಜವಾಗಿಯೂ. ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ಹಾಕಿದ. ವಿಮಾನ ತಿರುಗುವ ಸದ್ದು ಕೇಳಿತು.

"ನಿಮ್ಮಜ್ಜಿ ಪಿಂಡ!" ಎಂದು ಕಿರುಚಿದವನೇ ತಿರುಗಿ ಓಡಿದ. ಅಂಗಿ ಕಿತ್ತು ಬೀಸುತ್ತ ವಿಮಾನದ ಮುಂದೆಯೇ ಹೋಗಿ ನಿಂತ. ಓಡಿದ್ದೇನೂ ಅವರ ಮೇಲಿನ ಪ್ರೀತಿಗಲ್ಲ. ಸಾಯಲಿ, ಬೇಕಾದಲ್ಲಿ ಸಾಯಲಿ, ನನ್ನ ಮೇಣಕ್ಕೆ ಸಾಯುವುದು ಬೇಡ.

ಎಂಜಿನ್ ನಿಂತಿತು. ಪೀರ್ ಬಾಷಾ ರೆಕ್ಕೆಯಡಿ ನುಗ್ಗಿ ನಳಿಕೆಯ ಬಾಯಿಗೆ ಉಗುರು ಹಾಕಿ ಎಳೆದ. ಮೇಣ ಇಡಿಯಾಗಿ ಬಂತು. ಅದನ್ನು ಕೆಳಗಿಳಿದು ಬಂದ ತ್ರಿವಿಕ್ರಮನ ಅಂಗೈಗೆ ಕುಕ್ಕಿದ. ತ್ರಿವಿಕ್ರಮನ ಮುಖದ ಬಣ್ಣ ಇಳಿಯಿತು.

"ನೋಡಿದ್ರಾ! ನೋಡಿದ್ರಾ!" ಧಣಿ ಧುಮುಕಿದರು. "ನಾಲ್ಕು ಮಾತು ಅಂದಿದ್ದಕ್ಕೆ ನಮ್ಮನ್ನ ಕೊಲ್ಲಕ್ಕೆ ತುರುಕಿದಾನೆ ಕಳ್ನನ್ಮಗ! ಆಮೇಲೆ ಹೆದರಿ ಓಡಿಬಂದ! ಹಿಡ್ಕೊಳ್ರೋ!"

ಯಾರೂ ಹಿಡಿಯಲಿಲ್ಲ. ಈ ಸಲ ಯಾರೂ ನಗಲೂ ಇಲ್ಲ. ತ್ರಿವಿಕ್ರಮ ಅಂಗೈ ನೋಡಿಕೊಳ್ಳುತ್ತಿದ್ದ. ಮೇಣದ ಮೇಲೆ ಗಂಧ ಒಣಗಿತ್ತು, ಗಂಧದ ಮೇಲೆ ಕುಂಕುಮ. ಪೂಜೆಗೆ ಮೊದಲೇ ಇಟ್ಟ ಮೇಣ, ಬೈಗುಳಕ್ಕೂ ಮೊದಲು. ಅಷ್ಟು ಅವನಿಗೆ ಅರ್ಥವಾಯಿತು ಎಂಬುದು ಪೀರ್ ಬಾಷಾನಿಗೆ ಅವನ ಕಣ್ಣಲ್ಲೇ ಕಂಡಿತು. ಕಾದ. ಇದೊಂದು ಸಲವಾದರೂ ಬಾಯಿ ಬಿಡಲಿ ಎಂದು ಕಾದ.

ತ್ರಿವಿಕ್ರಮ ಧಣಿಯ ಮುಖ ನೋಡಿದ. "ಬಾಷಾ, ನೀನೇ ಹೇಳಪ್ಪ. ಯಾವಾಗ ಇಟ್ಟೆ ಇದನ್ನ?"

"ಹೇಳೋ ಬೇಟಾ, ಹೇಳು!" ಬಾಬು ಸಾಬರು ಮುಂದೆ ಬಂದರು. "ಗ್ಯಾರೇಜಿನ ಮರ್ಯಾದೆ ಪ್ರಶ್ನೆ. ಒಂದು ಮಾತು ಹೇಳ್ಬಿಡು."

ಪೀರ್ ಬಾಷಾ ಅಂಗಿ ಕೊಡವಿ ಹೆಗಲಿಗೆ ಹಾಕಿಕೊಂಡ. ಜನ ತಾವಾಗಿ ದಾರಿ ಬಿಟ್ಟರು. "ಲೇ, ಕೇಳ್ತಿರೋದು ಕಿವಿಗೆ ಬೀಳಲಿಲ್ವೇನೋ?" ಎಂದು ಧಣಿ ಕೂಗುತ್ತಲೇ ಇದ್ದರು. ಅವನು ಶಿವಮೊಗ್ಗದ ರಸ್ತೆ ಹಿಡಿದು ನಡೆದ.