ಕರ್ಜಗಿಗೆ ಹೋಗಬೇಕಾಗಿದ್ದ ಕಾರು

ಜಟ್ಟೆಪ್ಪನಿಗೆ ಅವನ ಅತ್ತೆ ಗದಿಗೆವ್ವ ಶಾಪ ಕೊಟ್ಟಿರಲಿಲ್ಲ. ಶಾಪವಾಗಿದ್ದರೆ ಯಾವುದಾದರೂ ದೇವರಿಗೆ ಎರಡು ತೆಂಗಿನಕಾಯಿ ಒಡೆದು ಕಳೆದುಕೊಳ್ಳಬಹುದಿತ್ತು. ಆಕೆ ಆಡಿದ್ದು ಒಂದು ಮಾತು, ಅದೂ ಮದುವೆಯ ದಿನ, ತನ್ನೂರು ಕರ್ಜಗಿಯ ಊರಬಾಗಿಲ ಅಗಸಿಯ ಮುಂದೆ, ಇಡೀ ಊರಿನ ಎದುರು.

"ಇದೇ ಗಾಡಿ ತಗೊಂಡು ನನ್ನ ಬಾಗಲಕ ಬರ್ರಿ. ಆವತ್ತ ನಿಮ್ಮ ಮನಿ ಮೆಟ್ಟಲಾ ತುಳೀತೀನಿ."

ಆ ಗಾಡಿ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಜಟ್ಟೆಪ್ಪ ಆಗ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ ಇಪ್ಪತ್ನಾಲ್ಕರ ಹುಡುಗ. ದಲಾಲರೊಬ್ಬರು ಗುಜರಿಗೆ ಹಾಕಲು ಹೊರಟಿದ್ದ ಕಾರನ್ನು ತಂದು, ಆರು ತಿಂಗಳು ಒದ್ದಾಡಿ ಓಡುವ ಹಾಗೆ ಮಾಡಿ, ಹೆಂಡತಿಯನ್ನು ಅದರಲ್ಲೇ ಕರೆತರುತ್ತೇನೆಂದು ಮೆರೆದ. ಮದುವೆಯ ಬೆಳಿಗ್ಗೆ ಹೊಸ ಆಯಿಲ್ ಹಾಕಿದ. ಸಡಗರದಲ್ಲಿ ಕೆಳಗಿನ ನಟ್ಟು ಬಿಗಿ ಮಾಡುವುದನ್ನೇ ಮರೆತ. ಆಯಿಲ್ಲೆಲ್ಲ ದಾರಿಯಲ್ಲಿ ಸೋರಿ, ಮದುಮಕ್ಕಳು ಹತ್ತಿ ನೂರು ಮಾರು ಹೋಗುವುದರೊಳಗೆ, ಅಗಸಿಯ ಮುಂದೆಯೇ ಎಂಜಿನ್ನು ಹಿಡಿದುಕೊಂಡು ನಿಂತಿತು. ಜನ ಬಿದ್ದು ಬಿದ್ದು ನಕ್ಕರು. ಮದುಮಗಳು ಬಸವಣ್ಣೆವ್ವ ಬಾಸಿಂಗ ಬಿಚ್ಚಿ ಮೆಣಸಿನಕಾಯಿ ಲಾರಿ ಹತ್ತಿ, ಸೀನುತ್ತ ಅಳುತ್ತ ಗಂಡನ ಮನೆಗೆ ಬಂದಳು. ತಪ್ಪು ಎಂಜಿನ್ನಿನದಲ್ಲ, ತನ್ನದು ಎಂಬುದನ್ನು ಜಟ್ಟೆಪ್ಪ ಯಾರಿಗೂ ಹೇಳಲಿಲ್ಲ. ಅದಕ್ಕೇ ನಾಚಿಕೆ ಇನ್ನಷ್ಟು ಆಳಕ್ಕಿಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ನಾಲ್ಕು ವರ್ಷ ಜಟ್ಟೆಪ್ಪ ಕರ್ಜಗಿಯತ್ತ ಸುಳಿಯಲಿಲ್ಲ. ಪಂಚಮಿಗೆ ಹೆಂಡತಿಯನ್ನು ಹಾವೇರಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಅಲ್ಲಿಂದಲೇ ತಿರುಗಿ ಬರುತ್ತಿದ್ದ. ಗದಿಗೆವ್ವನೂ ಬ್ಯಾಡಗಿಗೆ ಬರಲಿಲ್ಲ. ಮೊಮ್ಮಗಳು ನಾಗಲಕ್ಷ್ಮಿಯ ಮದುವೆ ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಾದಾಗ ಬಂದು, ಅಕ್ಕಿಕಾಳು ಹಾಕಿ, ಉಂಡು, ಮಂಟಪದಿಂದಲೇ ಬಸ್ಸು ಹತ್ತಿ ಹೋದಳು.

ಈಗ ಅದೇ ನಾಗಲಕ್ಷ್ಮಿಗೆ ಮೂರು ತಿಂಗಳು. ಏಳಕ್ಕೆ ತವರಿನಲ್ಲಿ ಕುಬಸ, ಅಂದರೆ ಸೀಮಂತ, ಮಾಡಬೇಕು. ಒಂದು ಮುಂಜಾನೆ ಬಸವಣ್ಣೆವ್ವ ರೊಟ್ಟಿ ಬಡಿಯುತ್ತ, ಮುಖ ತಿರುಗಿಸದೆ ಹೇಳಿದಳು.

"ನಮ್ಮವ್ವ ಒಮ್ಮೆ ಈ ಅಡಗಿ ಮನ್ಯಾಗ ಕುಂತು, ನನ್ನ ಕೈಯಾಗಿನ ಒಂದು ರೊಟ್ಟಿ ತಿಂದ್ರ ಸಾಕಾಗಿತ್ರಿ. ಆಕಿಗೂ ಎಂಬತ್ತಾತು."

ಬಯ್ದಿದ್ದರೆ ಜಟ್ಟೆಪ್ಪ ತಿರುಗಿ ಬಯ್ಯುತ್ತಿದ್ದ. ಆಕೆ ಬಯ್ಯಲಿಲ್ಲವಲ್ಲ. ಎದ್ದು ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಿ ಕಾರಿನ ಮೇಲಿನ ತಾಡಪತ್ರಿ ಎಳೆದ. ಒಳಗೆ ಕಾರು ಅರ್ಧವೇ ಉಳಿದಿತ್ತು.

ಕಳ್ಳರು ಒಯ್ದಿರಲಿಲ್ಲ, ಇವನೇ ಹಂಚಿದ್ದ. ಜಟ್ಟೆಪ್ಪನ ಕೈ ಸುಮ್ಮನಿರುವ ಕೈಯಲ್ಲ. ಯಾರ್ಡಿಗೆ ಎಲೆಕ್ಟ್ರಾನಿಕ್ ಕಾಟಾ ಬಂದು ತಕ್ಕಡಿ ಕೆಲಸ ನಿಂತ ಮೇಲೆ, ಹಳೇ ಸಾಮಾನಿನಿಂದ ಹೊಸದು ಮಾಡುವ ಹುಚ್ಚು ಹತ್ತಿತು. ಹಮಾಲರು ಚೀಲ ಎತ್ತುವ ಕೊಕ್ಕೆ ಬ್ರೇಕಿನ ಸ್ಪ್ರಿಂಗ್ ಎಳೆಯುವ ಆಯುಧವಾಯಿತು, ಹೊಲದ ಕಳೆ ತೆಗೆಯುವ ಎಡೆಕುಂಟೆಯ ಕಬ್ಬಿಣದ ಕುಡ ತುಕ್ಕು ಕೆರೆಯುವ ಉಳಿಯಾಯಿತು. ಅದೇ ಹುಚ್ಚಿನಲ್ಲಿ, ಇನ್ನು ಏಳದ ಕಾರೆಂದು, ಅದನ್ನೂ ಓಣಿಗೆ ಹಂಚಿಬಿಟ್ಟಿದ್ದ. ಹಿಂದಿನ ಸ್ಪ್ರಿಂಗಿನ ಪಟ್ಟಿಗಳು ಹನ್ನೊಂದು ಮನೆಗಳಲ್ಲಿ ಈಳಿಗೆಯಾಗಿ ಬದನೆಕಾಯಿ ಹೆಚ್ಚುತ್ತಿದ್ದವು. ಹಿಂದಿನ ಸೀಟು ಟೇಲರ್ ಮಾಲತೇಶಪ್ಪನ ಅಂಗಡಿಯ ಬೆಂಚಾಗಿತ್ತು. ಗಾಲಿಯ ಹೊಳೆಯುವ ಮುಚ್ಚಳಗಳು ಪಕ್ಕದ ಮನೆಯ ಸಕೀನಾಬಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಬೀಜ ಹಿಡಿಯುವ ತಾಟುಗಳಾಗಿದ್ದವು.

ಕೊಟ್ಟದ್ದನ್ನು ತಿರುಗಿ ಕೇಳುವುದು ಗಂಡಸಿನ ಮಾನಕ್ಕೆ ಒಳ್ಳೆಯದಲ್ಲ. ಆದರೆ ಅತ್ತೆಯ ವಿಷಯದಲ್ಲಿ ಅವನಿಗೆ ಮಾನವಾದರೂ ಎಲ್ಲಿ ಉಳಿದಿತ್ತು? ಸಕೀನಾಬಿ, ಇಂಥ ತಾಟು ಪೇಟೆಯಲ್ಲಿ ಸಿಗುವುದಿಲ್ಲ ಅಣ್ಣಾ ಎಂದು ಮುಖ ಸಣ್ಣದು ಮಾಡಿದಳು. ಜಟ್ಟೆಪ್ಪ ಹಳೇ ತಕ್ಕಡಿಯ ಹಿತ್ತಾಳೆ ತಟ್ಟೆಗಳನ್ನು ಬಿಚ್ಚಿ, ಅಂಚು ಮಡಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ ಕೊಟ್ಟ. ಅವು ಬಂಗಾರದ ಹಾಗೆ ಹೊಳೆದಾಗ, ಮೊದಲೇ ಯಾಕೆ ಇವನ್ನು ಕೊಡಲಿಲ್ಲ ಎಂದು ಆಕೆಯೇ ಜಗಳಕ್ಕೆ ನಿಂತಳು. ಮಾಲತೇಶಪ್ಪನ ಬೆಂಚಿಗೆ ಬದಲಾಗಿ ಶೆಡ್ಡಿನ ಬಾಗಿಲೇ ಹೋಯಿತು. ಈಳಿಗೆಯನ್ನು ಮಾತ್ರ ಯಾರಿಂದ ಕಿತ್ತುಕೊಳ್ಳುವುದು? ರಾಣೆಬೆನ್ನೂರಿನ ಕಮ್ಮಾರನೊಬ್ಬ ಗುಜರಿ ಟೆಂಪೋದ ಪಟ್ಟಿಗಳನ್ನು ಕಾಯಿಸಿ, ಬಗ್ಗಿಸಿ, ಮೂರನೇ ಸಲಕ್ಕೆ ಸರಿಯಾದ ಸ್ಪ್ರಿಂಗು ಕೂಡಿಸಿದ.

ದೊಡ್ಡ ಪೇಚಾಟ ಎಂಜಿನ್ನು ಇಳಿಸುವುದಾಗಿತ್ತು. ಅದನ್ನು ಬಿಡಿಸಿ ರಿಪೇರಿ ಮಾಡಿಸಲು ರಾಣೆಬೆನ್ನೂರಿನ ಲೇತ್ ಅಂಗಡಿಗೆ ಒಯ್ಯಬೇಕು, ಎತ್ತಲು ಯಂತ್ರವಿಲ್ಲ. ಜಟ್ಟೆಪ್ಪ ಮೂಲೆಯಲ್ಲಿದ್ದ, ಚೀಲ ತೂಗುವ ದೊಡ್ಡ ತಕ್ಕಡಿಯನ್ನು ಶೆಡ್ಡಿನ ಕಬ್ಬಿಣದ ತೊಲೆಗೆ ನೇತುಹಾಕಿದ. ಒಂದು ತಟ್ಟೆ ಬಿಚ್ಚಿ ಅಲ್ಲಿ ಸರಪಳಿಯಿಂದ ಎಂಜಿನ್ನು ಕಟ್ಟಿದ. ಇನ್ನೊಂದು ತಟ್ಟೆಗೆ ಇದ್ದಬದ್ದ ತೂಕದ ಕಲ್ಲುಗಳನ್ನೆಲ್ಲ ಪೇರಿಸಿದರೂ ಎಂಜಿನ್ನು ಕದಲಲಿಲ್ಲ. ಅಷ್ಟರಲ್ಲಿ ಹೊಸ ಬೆಂಚು ಕುಂಟುತ್ತದೆ ಎಂದು ದೂರು ಹೇಳಲು ಮಾಲತೇಶಪ್ಪ ಬಂದ. ಆತ ಒಳ್ಳೆಯ ಮೈಕಟ್ಟಿನ ಮನುಷ್ಯ. ದೂರನ್ನು ಕುಳಿತೇ ಹೇಳು ಎಂದು ಜಟ್ಟೆಪ್ಪ ಅವನನ್ನು ತಟ್ಟೆಯಲ್ಲಿ ಕೂರಿಸಿದ.

ಎಂಜಿನ್ನು ಮೆಲ್ಲಗೆ ಮೇಲೆದ್ದಿತು. ಎಂಜಿನ್ನೂ ಟೇಲರನೂ ಎದುರುಬದುರು ಗಾಳಿಯಲ್ಲಿ ತೂಗುವುದನ್ನು ನೋಡಲು ಓಣಿಯೇ ಕೂಡಿತು. ಬಸವಣ್ಣೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಜಟ್ಟೆಪ್ಪ ಎಂಜಿನ್ನನ್ನು ಪಕ್ಕಕ್ಕೆ ತಿರುಗಿಸಿ, ಕಲ್ಲು ತೆಗೆದು ಕೆಳಗಿಳಿಸಿ, ಖುಷಿಯಲ್ಲಿ ಮಾಲತೇಶಪ್ಪನನ್ನು ಇಳಿಸುವ ಮೊದಲೇ ಸರಪಳಿ ಬಿಚ್ಚಿದ. ಟೇಲರು ಧೊಪ್ಪನೆ ಗೋಣಿಚೀಲಗಳ ಮೇಲೆ ಬಿದ್ದ. ಪೆಟ್ಟಾಗಲಿಲ್ಲ, ಆದರೆ ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ, ಆ ಕಾರಿನ ಎಂಜಿನ್ನು ಎತ್ತಿದವನು ತಾನು ಎಂದು ಹೇಳತೊಡಗಿದ. ಸುಳ್ಳೇನೂ ಅಲ್ಲವಲ್ಲ.

ಎಂಜಿನ್ನು ಲೇತಿನಲ್ಲಿ ರಿಪೇರಿಯಾಗಿ ಬಂದು ಮತ್ತೆ ಕಾರಿನಲ್ಲಿ ಕೂತಿತು. ಕಾರಿನ ಕಾಗದಪತ್ರಕ್ಕೆ ನಾಗಲಕ್ಷ್ಮಿಯ ಗಂಡ ಸುನೀಲಕುಮಾರ ಹಾವೇರಿಯ ಆರ್‌ಟಿಓ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಕುಬಸಕ್ಕೆ ಎರಡು ದಿನ ಉಳಿದಾಗ ಜಟ್ಟೆಪ್ಪ ಕೆಳಗಿನ ನಟ್ಟನ್ನು ನಾಲ್ಕು ಸಲ ಬಿಗಿದು, ಐದನೆಯ ಸಲ ಮುಟ್ಟಿ ನೋಡಿ, ಕೀಲಿ ತಿರುಗಿಸಿದ. ಕಾರು ಎರಡು ಸಲ ಕೆಮ್ಮಿ, ನೀಲಿ ಹೊಗೆ ಬಿಟ್ಟು, ಆಮೇಲೆ ಹದವಾಗಿ ಗುರುಗುಟ್ಟತೊಡಗಿತು. ಜಟ್ಟೆಪ್ಪನಿಗೆ ಕುಣಿಯಬೇಕೆನಿಸಿತು. ಐವತ್ತೆಂಟಾದ ಮೊಣಕಾಲುಗಳು ಬೇಡವೆಂದವು, ಆದರೂ ಎರಡು ಹೆಜ್ಜೆ ಕುಣಿದ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಮೋಟೆಬೆನ್ನೂರು ದಾಟಿತು, ಹಾವೇರಿ ದಾಟಿತು, ಕಾರು ನಿಲ್ಲಲಿಲ್ಲ. ಜಟ್ಟೆಪ್ಪ ದಾರಿಯುದ್ದಕ್ಕೂ ಅತ್ತೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿದ. ಗದಿಗೆವ್ವನ ಬಾಗಿಲ ಮುಂದೆ ನಿಂತಾಗ ಅದೊಂದೂ ನೆನಪಿಗೆ ಬರಲಿಲ್ಲ. ಮುದುಕಿ ಹೊರಬಂದು ಅಳಿಯನನ್ನು ಕಂಡು ತಲೆ ಮೇಲೆ ಸೆರಗೆಳೆದುಕೊಂಡಳು.

"ಅತ್ತೀ, ನೀವು ಹೇಳಿದಂಗ ಗಾಡಿ ತಂದೇನ್ರಿ. ಈಗರೆ ನಮ್ಮನಿಗಿ ಬರ್ರಿ," ಎಂದ.

"ನಾ ಏನ ಹೇಳಿದ್ದೆ?" ಎಂದಳು ಗದಿಗೆವ್ವ.

ಬಸವಣ್ಣೆವ್ವ ಆ ದಿನದ ಮಾತನ್ನು ನೆನಪಿಸಿದಳು. ಮುದುಕಿ ಕಾರನ್ನು ಒಂದು ಸುತ್ತು ಹಾಕಿ ಬಂದು ಅಳಿಯನ ಮುಂದೆ ನಿಂತಳು.

"ಸಿಟ್ಟಿನ್ಯಾಗ ಅಂದಿದ್ನೇನೋ, ಮರುದಿನಾನ ಮರತೀನಿ. ಇಷ್ಟ ವರ್ಷ ಬರೇ ನನ್ನ ಮಗಳು ಬಂದು ಕರದ್ಲು, ನೀವು ಒಮ್ಮೆನೂ ಬರಲಿಲ್ಲ. ಅಳಿಯ ಕರೀದ ಮನಿಗಿ ನಾ ಹೆಂಗ ಬರಲಿ? ಬಸ್ಸಿನ್ಯಾಗ ಬಂದು ಕರದಿದ್ರೂ ಬರತಿದ್ನಲ್ರಿ, ಅಳಿಯಾರ."

ಬ್ಯಾಡಗಿಯಿಂದ ಹಾವೇರಿಗೆ ದಿನಕ್ಕೆ ಎಷ್ಟು ಬಸ್ಸು ಬರುತ್ತವೆಂದು ಜಟ್ಟೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ಎಲ್ಲಿಂದಲೋ ನಗು ಬಂತು. ತಡೆಯಲಾಗದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಹಾಗೆ ನಗುತ್ತಲೇ ಬಗ್ಗಿ ಅತ್ತೆಯ ಕಾಲು ಮುಟ್ಟಿದ. ಮೂವತ್ನಾಲ್ಕು ವರ್ಷದ ಭಾರ ಅಲ್ಲೇ ಇಳಿಯಿತು.

ಗದಿಗೆವ್ವ ಒಳಗೆ ಹೋಗಿ ಸೀರೆ ತುಂಬಿದ ಒಂದು ಟ್ರಂಕು ಹೊರಿಸಿಕೊಂಡು ಬಂದಳು. ಕುಬಸಕ್ಕೆ ಇಷ್ಟೊಂದು ಸೀರೆ ಯಾಕೆಂದು ಮಗಳು ಕೇಳಿದರೆ, ಬಾಣಂತನ ಮುಗಿಯುವ ತನಕ ಇರುತ್ತೇನೆ ಎಂದಳು. ಜಟ್ಟೆಪ್ಪನ ನಗು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಬಸವಣ್ಣೆವ್ವ ತಾಯಿಗಾಗಿ ಮುಂದಿನ ಬಾಗಿಲು ತೆಗೆದಳು. ಎರಡೇ ಬಾಗಿಲಿನ ಕಾರು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ನಡು ಬಗ್ಗಿಸಿ ತೂರಬೇಕು. ಮುದುಕಿ ಸೀಟು ಮಡಚಿಸಿ, ನರಳುತ್ತ ತಾನೇ ಹಿಂದೆ ತೂರಿದಳು.

"ಅವ್ವಾ, ಮುಂದ ಕುಂದರಬಾರದ?" ಎಂದಳು ಬಸವಣ್ಣೆವ್ವ.

"ಅವತ್ತ ನೀ ಲಾರ್ಯಾಗ ಅಳಕೋತ ಹೋದಿ. ಗಂಡನ ಬಾಜೂಕ ಕುಂತು ಹೋಗೂದನ್ನ ನಾ ನೋಡೇ ಇಲ್ಲ. ಹಿಂದ ಕುಂತ್ರ ಛಲೋ ಕಾಣತೈತಿ. ನೀ ಮುಂದ ಕುಂದರು."

ಐವತ್ನಾಲ್ಕರ ಬಸವಣ್ಣೆವ್ವ ಸೆರಗು ಸರಿ ಮಾಡಿಕೊಂಡು ಗಂಡನ ಪಕ್ಕ ಕುಳಿತಳು. ಕಾರು ಹೊರಟಿತು. ಅಗಸಿ ಹತ್ತಿರವಾದಂತೆ ಜಟ್ಟೆಪ್ಪ ಹಳೇ ಭಯದಿಂದ ವೇಗ ಹೆಚ್ಚಿಸಿದ. ಹಿಂದಿನಿಂದ ಗದಿಗೆವ್ವ ಅವನ ಭುಜ ತಟ್ಟಿದಳು.

"ಸಾವಕಾಶ ಹೋಗ್ರಿ, ಅಳಿಯಾರ. ಮಂದಿ ನೋಡ್ಲಿ."

ಜಟ್ಟೆಪ್ಪ ಗೇರು ಇಳಿಸಿದ.